ತಲೆಯ ಮೇಲೆ ತಾಳ ಹಾಕಿದ ಕೈ

ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುವ ನಾನು ಅಮೆರಿಕದ ಕವಿ ಥಿಯೋಡರ್ ರೆಟ್ಕಿಯ ‘ಮೈ ಪಾಪಾಸ್ ವಾಲ್ಟ್ಸ್’ ಓದಿಸಿದಾಗಲೆಲ್ಲ ತರಗತಿ ಎರಡು ಪಾಲಾಗುತ್ತದೆ. 16 ಸಾಲಿನ ಸಣ್ಣ ಪದ್ಯ. ವಿಸ್ಕಿ ಕುಡಿದ ಅಪ್ಪ ಅಡುಗೆಮನೆಯಲ್ಲಿ ಪುಟ್ಟ ಮಗನ ಮಣಿಕಟ್ಟು ಹಿಡಿದು ಕುಣಿಸುತ್ತಾನೆ. ಶೆಲ್ಫಿನ ಮೇಲಿದ್ದ ಪಾತ್ರೆಗಳು ಜಾರಿ ಬೀಳುತ್ತವೆ. ತಾಯಿ ಗಂಟಿಕ್ಕಿದ ಮುಖ ಸಡಿಲಿಸದೆ ನೋಡುತ್ತಾಳೆ. ಅಪ್ಪನ ಹೆಜ್ಜೆ ತಪ್ಪಿದಾಗಲೆಲ್ಲ ಬೆಲ್ಟಿನ ಬಕಲ್ ಹುಡುಗನ ಬಲಗಿವಿಯನ್ನು ಗೀರುತ್ತದೆ. ಕೊನೆಗೆ ಅಪ್ಪ ಅವನನ್ನು ಕುಣಿಸುತ್ತಲೇ ಮಲಗಿಸಲು ಒಯ್ಯುತ್ತಾನೆ, ಹುಡುಗ ಇನ್ನೂ ಅಪ್ಪನ ಅಂಗಿಗೆ ಅಂಟಿಕೊಂಡೇ ಇರುತ್ತಾನೆ. ಓದಿ ಮುಗಿಸುವ ಹೊತ್ತಿಗೆ ಅರ್ಧ ತರಗತಿಯ ಮುಖದಲ್ಲಿ ನಗುವಿರುತ್ತದೆ, ಇನ್ನರ್ಧ ಮುಖಗಳು ಬಿಗಿದುಕೊಂಡಿರುತ್ತವೆ.

ಕಳೆದ ಸಲ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಇದರಲ್ಲಿ ಡ್ಯಾನ್ಸ್ ಎಲ್ಲಿದೆ? ಕುಡಿದು ಬಂದು ಮಗೂನ ಎಳೆದಾಡಿದ್ದಾನೆ ಅಷ್ಟೆ” ಅಂದಳು. ಅವಳ ದನಿಯಲ್ಲಿ ಕೋಪವಿತ್ತು. ಹಿಂದಿನ ಸಾಲಿನಿಂದ ಒಬ್ಬ ಹುಡುಗ, ಸಾಮಾನ್ಯವಾಗಿ ಬಾಯಿ ಬಿಡದವನು, ಕೂತಲ್ಲಿಂದಲೇ ಹೇಳಿದ: “ನಮ್ಮಪ್ಪ ಹಿಂಗೇ ಸರ್. ಕುಡಿದಾಗ್ಲೇ ನಮ್ಮನ್ನ ಎತ್ಕೋತಿದ್ದಿದ್ದು.” ಯಾರೂ ನಗಲಿಲ್ಲ. ಆ ಹುಡುಗಿಯೂ ತಿರುಗಿ ಅವನ ಕಡೆ ನೋಡಿ ಸುಮ್ಮನೆ ಕೂತಳು. ಪರೀಕ್ಷೆಯ ದೃಷ್ಟಿಯಿಂದ ನಾನು ಬೋರ್ಡಿನ ಮೇಲೆ ಎರಡು ಕಡೆಯ ವಾದವನ್ನೂ ಬರೆದು ಮುಗಿಸಬೇಕಿತ್ತು, ಬರೆದೆ. ಆದರೆ ಆ ಹುಡುಗನ ಮಾತು ಬೋರ್ಡಿನ ಯಾವ ಪಕ್ಕಕ್ಕೂ ಸೇರುವಂಥದ್ದಾಗಿರಲಿಲ್ಲ. ಅವನು ಅಪ್ಪನ ಪರ ವಕಾಲತ್ತು ವಹಿಸಲಿಲ್ಲ, ದೂರನ್ನೂ ಕೊಡಲಿಲ್ಲ. ಎತ್ತಿಕೊಳ್ಳುತ್ತಿದ್ದದ್ದು ನಿಜ, ಕುಡಿದಾಗ ಮಾತ್ರ ಎತ್ತಿಕೊಳ್ಳುತ್ತಿದ್ದದ್ದೂ ನಿಜ. ಹೆಂಡದ ವಾಸನೆ ಮೂಗಿಗೆ ಬಡಿದರೆ ಹೆದರಿಕೆಯ ಜೊತೆಗೇ ಒಂದು ಆಸೆಯೂ ಏಳುತ್ತಿತ್ತಲ್ಲ, ಆ ಮಗುವಿನ ಎದೆಯಲ್ಲಿ ಏನೇನಾಗುತ್ತಿತ್ತು ಅನ್ನುವುದು ಅಂದಿನಿಂದ ನನ್ನನ್ನು ಕಾಡುತ್ತಿದೆ.

ಒರಟು ಅಪ್ಪಂದಿರ ಬಗ್ಗೆ ಮಾತು ಬಂದಾಗ ನಮ್ಮಲ್ಲಿ ಒಂದು ಸಿದ್ಧವಾಕ್ಯವಿದೆ. “ನಮ್ಮಪ್ಪ ಸ್ವಲ್ಪ ಒರಟ, ಆದರೆ ಮನಸ್ಸು ಬೆಣ್ಣೆ.” ಅಪ್ಪಂದಿರ ದಿನ ಬಂದರೆ ವಾಟ್ಸಾಪ್‌ನಲ್ಲಿ ಇದೇ ಮಾತು ತೆಂಗಿನಕಾಯಿಯ ರೂಪದಲ್ಲಿ ಬರುತ್ತದೆ: ಹೊರಗೆ ಚಿಪ್ಪು, ಒಳಗೆ ಸಿಹಿನೀರು. ಹೇಳುವವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ನನಗೆ ಒಪ್ಪಿಗೆಯಾಗದಿರುವುದು ಆ ‘ಆದರೆ’. ಅದು ಬಂದ ತಕ್ಷಣ ಅದರ ಹಿಂದಿನದೆಲ್ಲ ಮಾಫಿ ಆಗುತ್ತದೆ. ಮಗು ಕಂಡ ಹೆದರಿಕೆ, ಚಡ್ಡಿ ಒದ್ದೆಯಾದ ರಾತ್ರಿ, ಗೇಟಿನ ಸದ್ದಿಗೆ ಪುಸ್ತಕ ತೆರೆದು ಕೂತ ಸಂಜೆ, ಎಲ್ಲವೂ ಬರೀ ಚಿಪ್ಪಾಗಿ, ಸುಲಿದು ಎಸೆಯುವ ವಸ್ತುವಾಗಿಬಿಡುತ್ತದೆ. ನನ್ನ ಮೆಚ್ಚಿನ ಕವಿತೆಗಳು ಈ ‘ಆದರೆ’ಯನ್ನು ಹೇಳುವುದಿಲ್ಲ. ಹೆದರಿಸಿದ ಕೈ ಬೇರೆ, ಸಾಕಿದ ಕೈ ಬೇರೆ ಎಂದು ಅವು ಬಿಡಿಸುವುದಿಲ್ಲ.

ಸ್ಯಾಗಿನಾದ ಗಾಜಿನ ಮನೆಗಳು

ರೆಟ್ಕಿ ಹುಟ್ಟಿದ್ದು 1908ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಸ್ಯಾಗಿನಾ ಎಂಬ ಊರಿನಲ್ಲಿ. ಅಪ್ಪ ಒಟ್ಟೊ, ಜರ್ಮನಿಯ ಪ್ರಷ್ಯಾ ಕಡೆಯಿಂದ ಬಂದ ಕುಟುಂಬದವನು. ಅಣ್ಣತಮ್ಮಂದಿರು ಸೇರಿ 25 ಎಕರೆಯಲ್ಲಿ ಹೂವಿನ ವ್ಯಾಪಾರಕ್ಕಾಗಿ ದೊಡ್ಡ ದೊಡ್ಡ ಗ್ರೀನ್‌ಹೌಸ್‌ಗಳನ್ನು ನಡೆಸುತ್ತಿದ್ದರು. ಹೊರಗೆ ಹಿಮ ಸುರಿಯುವಾಗ ಒಳಗೆ ಗುಲಾಬಿ ಅರಳುವ ಜಾಗ. ಆ ಮಣ್ಣು, ಗೊಬ್ಬರ, ಹಬೆ, ಬೇರುಗಳ ಮಧ್ಯೆಯೇ ಹುಡುಗ ಬೆಳೆದ. 1923ರಲ್ಲಿ, ಅವನಿಗೆ ಹದಿನೈದು ತುಂಬುವ ಮುನ್ನವೇ, ಅಪ್ಪ ಕ್ಯಾನ್ಸರ್‌ನಿಂದ ತೀರಿಕೊಂಡ. ಅದೇ ವರ್ಷ ಚಿಕ್ಕಂದಿನಿಂದ ಕಂಡ ಸೋದರ ಸಂಬಂಧದ ಹಿರಿಯ, ಒಟ್ಟೊನ ಅಣ್ಣತಮ್ಮಂದಿರಲ್ಲೊಬ್ಬನಾದ ಚಾರ್ಲ್ಸ್, ಆತ್ಮಹತ್ಯೆ ಮಾಡಿಕೊಂಡ. ಗಾಜಿನ ಮನೆಗಳ ಆ ಲೋಕ ಅಲ್ಲಿಗೆ ಮುಗಿಯಿತು. ಪದ್ಯ ಪ್ರಕಟವಾದದ್ದು 1942ರಲ್ಲಿ, ಸಂಕಲನದಲ್ಲಿ ಸೇರಿದ್ದು 1948ರಲ್ಲಿ. ಅಂದರೆ ಕೈ ಎತ್ತಲು ಅಪ್ಪ ಇಲ್ಲವಾಗಿ ಎರಡು ದಶಕಗಳ ಹತ್ತಿರ ಕಳೆದ ಮೇಲೆ ಮಗ ಆ ಅಡುಗೆಮನೆಗೆ ವಾಪಸ್ ಹೋಗಿದ್ದಾನೆ.

ಇಷ್ಟು ತಿಳಿದ ಮೇಲೆ ಪದ್ಯದ ಕೈಯನ್ನು ನೋಡಬೇಕು. ಅದರ ಒಂದು ಬೆರಳಗೆಣ್ಣು ಜಜ್ಜಿಹೋಗಿದೆ. ಅಂಗೈಯಲ್ಲಿ ಮಣ್ಣು ಒಣಗಿ ಗಟ್ಟಿಯಾಗಿ ಮೆತ್ತಿಕೊಂಡಿದೆ. ಇದು ದಿನವಿಡೀ ಕುಂಡಗಳಿಗೆ ಮಣ್ಣು ತುಂಬಿದ ಕೈ. ಅದೇ ಕೈ ಹುಡುಗನ ತಲೆಯ ಮೇಲೆ ತಾಳ ಹಾಕುತ್ತಿದೆ. ಇಲ್ಲಿ ರೆಟ್ಕಿ ಬಳಸುವ ಕ್ರಿಯಾಪದಕ್ಕೆ ಬಡಿತದ ಛಾಯೆಯೂ ಇದೆ, ತಾಳದ ಛಾಯೆಯೂ ಇದೆ, ಅವನು ಎರಡರಲ್ಲಿ ಒಂದನ್ನು ಆರಿಸಿಕೊಡುವುದಿಲ್ಲ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಪದ್ಯದ ನಡೆ. ಸಾಲಿಗೆ ಮೂರೇ ಒತ್ತು, ಅಂದರೆ ಒತ್ತಿ ನುಡಿಯುವ ಮೂರೇ ಅಕ್ಷರ, ವಾಲ್ಟ್ಸ್ ನೃತ್ಯದ ಮೂರರ ಲೆಕ್ಕಕ್ಕೆ ಸರಿಯಾಗಿ. ನಮ್ಮ ಉತ್ಸಾಹ ರಗಳೆ ಮೂರು ಮಾತ್ರೆಯ ಗಣಗಳಲ್ಲಿ ಓಡುವಾಗ ಕಾಲು ತಾನಾಗಿ ಕುಟ್ಟುತ್ತದಲ್ಲ, ಹಾಗೆ ಇದೂ ಓದುವವನನ್ನು ಕುಣಿಸುತ್ತದೆ. ಆದರೆ ಕೆಲವು ಸಾಲುಗಳ ತುದಿಯಲ್ಲಿ ಒಂದು ಅಕ್ಷರ ಹೆಚ್ಚಿಗೆ ಉಳಿದು ಲಯ ಮುಗ್ಗರಿಸುತ್ತದೆ. ಹುಡುಗನಿಗೆ ತಲೆ ಸುತ್ತಿದಾಗ, ಗೆಣ್ಣು ಜಜ್ಜಿದ್ದು ಕಂಡಾಗ, ಬಕಲ್ ತಾಗಿದಾಗ ಲಯವೂ ಎಡವುತ್ತದೆ. ಕುಡಿದವನ ಹೆಜ್ಜೆ ಹಾಗೇ ಇರುತ್ತದೆ. ಬಾಯಿಬಿಟ್ಟು ಓದಿದರೆ ನಾವೂ ಆ ಹುಡುಗನ ಜೊತೆ ಒಂದಿಷ್ಟು ಎಡವಿ, ಒಂದಿಷ್ಟು ಕುಣಿಯುತ್ತೇವೆ. ಹೆದರಿಕೆಗೆ ಒಂದು ಲಯ, ಖುಷಿಗೆ ಇನ್ನೊಂದು ಲಯ ಎಂದು ಪದ್ಯದಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ಮಾತು. ಹುಡುಗ ಸಾವಿನ ಹಾಗೆ ಗಟ್ಟಿಯಾಗಿ ಹಿಡಿದುಕೊಂಡೆ ಎನ್ನುತ್ತಾನೆ. ಅಪ್ಪನಿಗೆ ಆತುಕೊಳ್ಳುವ ಮಗುವಿನ ಬಾಯಲ್ಲಿ ಸಾವಿನ ಹೋಲಿಕೆ ಯಾಕೆ ಬಂತು? ಬಿಟ್ಟರೆ ಬೀಳುತ್ತೇನೆ ಎಂಬ ಹೆದರಿಕೆಯೂ ಹೌದು. ಆ ಅಪ್ಪ ಈಗ ಇಲ್ಲ, ಆ ಅಂಗಿಯನ್ನು ಇನ್ನು ಹಿಡಿಯಲಾಗದು ಎಂದು ಗೊತ್ತಿರುವ ದೊಡ್ಡವನೊಬ್ಬ ಈ ಸಾಲು ಬರೆಯುತ್ತಿದ್ದಾನೆ ಎಂಬುದೂ ಹೌದು. ಹಿಡಿದುಕೊಂಡದ್ದು ಪ್ರೀತಿಗೋ ಭಯಕ್ಕೋ ಎಂದು ನಾವು ಪರೀಕ್ಷೆಯಲ್ಲಿ ಕೇಳುತ್ತೇವೆ. ಅಪ್ಪನ ಹಿಡಿತದಲ್ಲಿ ತೂರಾಡುತ್ತಿರುವ ಮಗುವಿಗೆ ಆಧಾರಕ್ಕೆ ಸಿಗುವುದೂ ಆ ಅಪ್ಪನ ಅಂಗಿಯೇ.

ಸಾಯುವ ಮುನ್ನ ರೆಟ್ಕಿ ಮತ್ತೊಮ್ಮೆ ಅಪ್ಪನ ಹತ್ತಿರ ಹೋದ. 1963ರಲ್ಲಿ ತೀರಿಕೊಂಡ ಅವನ ಕೊನೆಯ ಸಂಕಲನ ಮರುವರ್ಷ ಬಂತು. ಅದರಲ್ಲಿ ಅಪ್ಪನ ಹೆಸರನ್ನೇ ಇಟ್ಟ ಒಂದು ಪದ್ಯವಿದೆ, ‘ಒಟ್ಟೊ’. ಅಲ್ಲಿ ಅಪ್ಪ ಗಿಡಗಳನ್ನು ಕುಂಡಕ್ಕೆ ನೆಡುವುದು ಅವುಗಳ ಮೇಲೆ ದ್ವೇಷವಿದ್ದವನ ಹಾಗೆ. ತನ್ನ ಕಾಡಿಗೆ ನುಗ್ಗಿದ ಇಬ್ಬರು ಕಳ್ಳಬೇಟೆಗಾರರನ್ನು ಕಂಡು, ಅವರ ಮುಖಕ್ಕೆ ಮರದ ತೊಗಟೆ ಸಿಡಿಯುವಂತೆ ಗುಂಡು ಹಾರಿಸಿ, ಆಮೇಲೆ ಬಂದೂಕು ಇಲ್ಲದೆ ಬರಿಗೈಯಲ್ಲಿ ನಡೆದುಹೋಗಿ ಇಬ್ಬರ ಕೆನ್ನೆಗೂ ಬಾರಿಸುತ್ತಾನೆ. ಇದನ್ನು ನೋಡುತ್ತ ನಿಂತ ಮಗನಿಗೆ ಆಗ ಏಳು ವರ್ಷ ಮೀರಿರಲಿಲ್ಲ. ಪದ್ಯದುದ್ದಕ್ಕೂ ಮಗ ಬೆರಗಾಗಿ ನೋಡುತ್ತಾನೆ. ಆ ಬೆರಗಿನಲ್ಲಿ ಹೆಮ್ಮೆ ಎಷ್ಟು, ನಡುಕ ಎಷ್ಟು ಎಂದು ನನಗೆ ಅಳೆಯಲಾಗಿಲ್ಲ. ಕೊನೆಯಲ್ಲಿ ಮಾತ್ರ ಅವನು ತಡೆಯಲಾಗದೆ, ಕಳೆದುಹೋದ ನನ್ನ ಲೋಕವೇ ಎಂದು ಕೂಗಿಬಿಡುತ್ತಾನೆ. ಕೆನ್ನೆಗೆ ಬಾರಿಸುವ ಅಪ್ಪನೂ ಆ ಲೋಕದೊಳಗೇ ಇದ್ದಾನೆ. ಅವನನ್ನು ಹೊರಗಿಟ್ಟು ಆ ಲೋಕವನ್ನು ನೆನೆಯಲು ಮಗನಿಗೆ ಆಗಿಲ್ಲ.

ಸುತ್ತು ಎಣಿಸುವುದು

ನಮ್ಮಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ತೆಂಗಿನ ಸೀಮೆ ನಮ್ಮದು. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದರೆ ಸುತ್ತಲ ಹಳ್ಳಿಗಳ ಪಂಪ್‌ಸೆಟ್ ಮೋಟರ್‌ಗಳು ಸುಟ್ಟು ಅಂಗಡಿ ಮುಂದೆ ಸಾಲು ನಿಲ್ಲುತ್ತಿದ್ದವು. ಸುಟ್ಟ ತಾಮ್ರದ ತಂತಿ ಕಿತ್ತು ತೆಗೆದು, ಹೊಸ ತಂತಿಯ ಕಾಯಿಲ್ ಸುತ್ತಿ, ಪೇಪರ್ ಇಟ್ಟು ಕೂರಿಸಿ, ವಾರ್ನಿಷ್ ಹಾಕಿ ಒಣಗಿಸಬೇಕು. ತೋಟ ಒಣಗುತ್ತಿದೆ ಎಂದು ರೈತರು ರಾತ್ರಿಯಾದರೂ ಅಂಗಡಿ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಅಪ್ಪ ಕೈಯಲ್ಲಿ ಹ್ಯಾಂಡಲ್ ತಿರುಗಿಸುತ್ತ ಕಾಯಿಲ್ ಸುತ್ತುವಾಗ ಸುತ್ತು ಎಣಿಸುವುದು ನನ್ನ ಕೆಲಸ. ಬಾಯಿಬಿಟ್ಟು, ಅವನಿಗೆ ಕೇಳುವ ಹಾಗೆ ಎಣಿಸಬೇಕು. ಒಂದು ಸುತ್ತು ಹೆಚ್ಚುಕಡಿಮೆಯಾದರೂ ಮೋಟರ್ ಬಿಸಿಯಾಗಿ ಮತ್ತೆ ಸುಡುತ್ತದೆ, ರೈತನಿಗೆ ನಷ್ಟ, ಅಂಗಡಿಗೆ ಕೆಟ್ಟ ಹೆಸರು ಎಂಬುದು ಅವನ ಕಟ್ಟುನಿಟ್ಟು.

ಒಂದು ದೀಪಾವಳಿಯ ಹಿಂದಿನ ರಾತ್ರಿ. ಹಬ್ಬದೊಳಗೆ ಮೋಟರ್ ಇಳಿಸಲೇಬೇಕು ಎಂದು ಯಾರೋ ಕಾದು ಕೂತಿದ್ದರು. ನಾನು ಎಣಿಸುತ್ತ ಎಣಿಸುತ್ತ ನಿದ್ದೆಗೆ ಜಾರಿ ಲೆಕ್ಕ ತಪ್ಪಿದೆ. ತಪ್ಪಿದ್ದು ಗೊತ್ತಾಗಿ, ಗೊತ್ತಾಗದವನ ಹಾಗೆ ಬಾಯಿಗೆ ಬಂದ ಸಂಖ್ಯೆಯಿಂದ ಮುಂದುವರಿಸಿದೆ. ಅಪ್ಪನಿಗೂ ಒಳಗೊಳಗೇ ಲೆಕ್ಕ ಇರುತ್ತಿತ್ತು ಅನ್ನಿಸುತ್ತದೆ. ಹ್ಯಾಂಡಲ್ ನಿಂತಿತು. ಕಪಾಳಕ್ಕೆ ಬಿದ್ದ ಏಟಿಗೆ ನಾನು ತಂತಿಯ ಡ್ರಮ್ಮಿನ ಮೇಲೆ ಹೋಗಿ ಬಿದ್ದೆ. ಕಾದು ಕೂತಿದ್ದ ರೈತ “ಬಿಡ್ರಿ, ಹುಡ್ಗ” ಅಂದದ್ದು ಕೇಳಿಸಿತು. ಅಪ್ಪ ಏನೂ ಮಾತಾಡದೆ ಸುತ್ತಿದ್ದಷ್ಟನ್ನೂ ಬಿಚ್ಚಿ, “ಒಂದ್ರಿಂದ ಎಣ್ಸು” ಅಂದ. ನಾನು ಅಳುತ್ತ ಒಂದರಿಂದ ಎಣಿಸಿದೆ.

ಮಾರನೆಯ ಬೆಳಗ್ಗೆ ಕತ್ತಲಿರುವಾಗಲೇ ನೀರು ಹಾಕುವ ಶಾಸ್ತ್ರ. ಅಮ್ಮ ಗರಿಕೆಯಲ್ಲಿ ಎಣ್ಣೆ ಮುಟ್ಟಿಸಿ ಒಳಗೆ ಹೋದಳು. ಗಂಡುಹುಡುಗನ ತಲೆಗೆ ಎಣ್ಣೆ ತಟ್ಟುವುದು ನಮ್ಮ ಮನೆಯಲ್ಲಿ ಅಪ್ಪನ ಕೆಲಸ. ಹಂಡೆಯ ಒಲೆಯ ಮುಂದೆ ಮಣೆ ಹಾಕಿ ಕೂರಿಸಿಕೊಂಡು, ಬೊಗಸೆಯಲ್ಲಿ ಎಣ್ಣೆ ಹುಯ್ದುಕೊಂಡು ನೆತ್ತಿಗೆ ತಟ್ಟತೊಡಗಿದ. ಅವನ ಅಂಗೈಯ ಸೀಳುಗಳಲ್ಲಿ ವಾರ್ನಿಷ್ ಕೂತು ಕಪ್ಪಗಾಗಿತ್ತು, ಸೀಗೆಪುಡಿಗೂ ಹೋಗುತ್ತಿರಲಿಲ್ಲ. ತಾಮ್ರದ ತಂತಿ ಎಳೆದೆಳೆದು ಬೆರಳಿನ ಒಳಮೈ ಗರಗಸದ ಹಾಗಿತ್ತು, ಕೂದಲು ಸಿಕ್ಕಿ ಹಿರಿಯುತ್ತಿತ್ತು. ಮೊದಲ ತಟ್ಟಿಗೆ ನಾನು ಬೆದರಿ ತಲೆ ತಗ್ಗಿಸಿದೆ. ಅವನು ಗದ್ದ ಹಿಡಿದು ತಲೆ ಎತ್ತಿ ಮತ್ತೆ ತಟ್ಟಿದ. ಎಣ್ಣೆ ಕಿವಿಯ ಹಿಂದಕ್ಕೆ ಇಳಿದಾಗ, ರಾತ್ರಿ ಏಟು ಬಿದ್ದ ಕಡೆ ಹೆಬ್ಬೆರಳು ಒಂದು ಗಳಿಗೆ ನಿಂತಿತು. ಉಜ್ಜಲಿಲ್ಲ, ಬರೀ ನಿಂತಿತು. ಆಮೇಲೆ ತಟ್ಟುವುದು ಮುಂದುವರಿಯಿತು, ಒಂದೇ ಸಮ, ಹ್ಯಾಂಡಲ್ ತಿರುಗಿಸುವ ಲಯದಲ್ಲೇ. ಒಲೆಯ ಬಿಸಿಗೆ ನನಗೆ ಮಂಪರು ಹತ್ತಿ ಅವನ ಮೊಣಕಾಲಿಗೆ ಒರಗಿದೆ. ಮೈಯೊಳಗೆ ಮುಂದಿನ ಏಟಿಗಾಗಿ ಕಾಯುತ್ತಿದ್ದ ಬಿಗುವು ಇದ್ದೇ ಇತ್ತು. ಮೊಣಕಾಲು ಬಿಟ್ಟು ಏಳುವ ಮನಸ್ಸೂ ಇರಲಿಲ್ಲ.

ಆ ಹೆಬ್ಬೆರಳು ನಿಂತದ್ದನ್ನು ಕ್ಷಮೆ ಅಂತ ಕರೆಯಬಹುದು. ಅಪ್ಪ ತೀರಿಕೊಂಡ ಮೇಲೆ ಬಂಧುಗಳ ಮುಂದೆ ಈ ಪ್ರಸಂಗ ಹೇಳಿದಾಗ ಎಲ್ಲರೂ ಹಾಗೇ ಕರೆದರು, ಕಣ್ಣೊರೆಸಿಕೊಂಡರು. ನನಗೆ ಆ ಹೆಸರು ಒಗ್ಗಲಿಲ್ಲ. ಕ್ಷಮೆ ಅಂದುಬಿಟ್ಟರೆ ಕಪಾಳದ ಏಟು ಚುಕ್ತಾ ಆಗುತ್ತದೆ. ಅದು ಚುಕ್ತಾ ಆಗಿಲ್ಲ. ನನ್ನ ಮಗಳು ಹೋಂವರ್ಕ್ ಮಾಡುತ್ತ ಲೆಕ್ಕ ತಪ್ಪಿದಾಗ ನನ್ನ ಬಲಗೈ ಒಳಗೊಳಗೇ ಬಿಗಿಯುತ್ತದೆ, ಅದನ್ನು ಟೇಬಲ್ಲಿನ ಕೆಳಗೆ ಇಟ್ಟುಕೊಳ್ಳುತ್ತೇನೆ. ಆ ಹೆಬ್ಬೆರಳು ಸುಳ್ಳಾಗಿತ್ತು ಅನ್ನಲೂ ನನ್ನಿಂದ ಆಗದು.

ಆ ಮನೆಯ ಸಿಟ್ಟು

ಸ್ಯಾಗಿನಾದಂತೆ ಡೆಟ್ರಾಯಿಟ್ ಕೂಡ ಮಿಷಿಗನ್ ರಾಜ್ಯದ್ದೇ. ಅಲ್ಲಿಯ ಕಪ್ಪು ಜನರ ಬಡ ಬಡಾವಣೆ ಪ್ಯಾರಡೈಸ್ ವ್ಯಾಲಿಯಲ್ಲಿ ಬೆಳೆದವನು ಕವಿ ರಾಬರ್ಟ್ ಹೇಡನ್. 1913ರಲ್ಲಿ ಹುಟ್ಟಿದಾಗ ಅವನ ಹೆಸರೇ ಬೇರೆ, ಏಸಾ ಬಂಡಿ ಶೆಫಿ. ಹೆತ್ತವರು ಬೇರೆಯಾದಾಗ ಪಕ್ಕದ ಮನೆಯ ಹೇಡನ್ ದಂಪತಿ ಅವನನ್ನು ಸಾಕಿಕೊಂಡು ತಮ್ಮ ಹೆಸರು ಕೊಟ್ಟರು. ಕಾನೂನಿನ ಪ್ರಕಾರ ದತ್ತು ಆಗಿಯೇ ಇರಲಿಲ್ಲ ಎಂದು ಅವನಿಗೆ ಗೊತ್ತಾದದ್ದು ನಡುವಯಸ್ಸಿನಲ್ಲಿ. 1976ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕಾವ್ಯ ಸಲಹೆಗಾರನ ಸ್ಥಾನಕ್ಕೆ ಬಂದ ಮೊದಲ ಕಪ್ಪು ಕವಿ ಅವನು. ಆದರೆ ಅವನನ್ನು ನೆನೆಸಿಕೊಳ್ಳುವವರು ಹೆಚ್ಚಾಗಿ ನೆನೆಯುವುದು 1962ರ ‘ದೋಸ್ ವಿಂಟರ್ ಸಂಡೇಸ್’ ಎಂಬ 14 ಸಾಲುಗಳನ್ನು.

ಭಾನುವಾರವೂ ಅಪ್ಪ ಎಲ್ಲರಿಗಿಂತ ಮೊದಲು ಕಪ್ಪುನೀಲಿ ಚಳಿಯಲ್ಲಿ ಏಳುತ್ತಾನೆ. ವಾರವಿಡೀ ದುಡಿದು ಸೀಳಿದ, ನೋಯುವ ಕೈಗಳಿಂದ ಬೂದಿ ಮುಚ್ಚಿದ ಕೆಂಡ ಕೆದಕಿ ಬೆಂಕಿ ಎಬ್ಬಿಸುತ್ತಾನೆ. ಯಾರೂ ಅವನಿಗೆ ಒಂದು ಒಳ್ಳೆಯ ಮಾತು ಆಡಿದವರಲ್ಲ. ಮನೆ ಬೆಚ್ಚಗಾದ ಮೇಲೆ ಮಗನನ್ನು ಕರೆಯುತ್ತಾನೆ. ಮಗ ನಿಧಾನವಾಗಿ ಎದ್ದು ಬಟ್ಟೆ ಹಾಕಿಕೊಳ್ಳುತ್ತಾನೆ, ಯಾಕೆಂದರೆ ಅವನಿಗೆ ಆ ಮನೆಯ ಹಳೆಯ, ವಾಸಿಯಾಗದ ಸಿಟ್ಟುಗಳ ಹೆದರಿಕೆ. ಚಳಿಯನ್ನು ಓಡಿಸಿದ, ತನ್ನ ಒಳ್ಳೆಯ ಬೂಟುಗಳಿಗೆ ಪಾಲಿಶ್ ಹಾಕಿಟ್ಟ ಅಪ್ಪನೊಂದಿಗೆ ಅವನು ಉದಾಸೀನವಾಗಿ ಮಾತಾಡುತ್ತಾನೆ. ಕೊನೆಯಲ್ಲಿ, ನನಗೇನು ಗೊತ್ತಿತ್ತು, ಪ್ರೀತಿಯ ಒಂಟಿ ಕಷ್ಟದ ಕೆಲಸಗಳ ಬಗ್ಗೆ ನನಗೇನು ಗೊತ್ತಿತ್ತು ಎಂದು ಎರಡೆರಡು ಸಲ ಕೇಳಿಕೊಳ್ಳುತ್ತಾನೆ.

ಈ ಪದ್ಯವನ್ನು ಎಲ್ಲರೂ ಪಶ್ಚಾತ್ತಾಪದ ಪದ್ಯ ಎಂದು ಓದಿಸುತ್ತಾರೆ: ಅಪ್ಪನ ಪ್ರೀತಿ ಚಿಕ್ಕಂದಿನಲ್ಲಿ ತಿಳಿಯಲಿಲ್ಲ, ದೊಡ್ಡವನಾದ ಮೇಲೆ ತಿಳಿಯಿತು. ಅಷ್ಟೇ ಆಗಿದ್ದರೆ ಮನೆಯ ಸಿಟ್ಟುಗಳ ಹೆದರಿಕೆ ಹೇಳುವ ಆ ಒಂಬತ್ತನೆಯ ಸಾಲು ಬೇಕಿರಲಿಲ್ಲ. ಹೇಡನ್ ಅದನ್ನು ಅಳಿಸದೆ, ಪದ್ಯದ ನಟ್ಟನಡುವೆ ಇಟ್ಟಿದ್ದಾನೆ. ಮತ್ತೆ ಆ ಸಿಟ್ಟನ್ನು ಅಪ್ಪನ ಸಿಟ್ಟು ಅನ್ನದೆ ಮನೆಯ ಸಿಟ್ಟು ಅಂದದ್ದನ್ನು ಗಮನಿಸಬೇಕು. ಮೂವರು ನಾಲ್ವರು ಒಂದೇ ಸೂರಿನಡಿ, ಸಾಲದ ದುಡ್ಡಿನಲ್ಲಿ, ಹೊರಗೆ ಯಾರ ಮೇಲೂ ತೋರಿಸಲಾಗದ ಅವಮಾನವನ್ನು ಹೊತ್ತು ಬದುಕಿದರೆ ಸಿಟ್ಟು ಒಬ್ಬರದಾಗಿ ಉಳಿಯುವುದಿಲ್ಲ, ಗೋಡೆಗೂ ಹತ್ತಿಕೊಳ್ಳುತ್ತದೆ. ನಮ್ಮ ಅಂಗಡಿಗೆ ತಂತಿ ಕೊಡುವವರು ಬಾಕಿ ಕೇಳಲು ಬಂದ ದಿನ ನಮ್ಮ ಮನೆಯಲ್ಲಿ ಅನ್ನದ ತಟ್ಟೆಯ ಸದ್ದೂ ಬೇರೆಯಾಗಿರುತ್ತಿತ್ತು. ಕಾರಣ ತಿಳಿದ ಮಾತ್ರಕ್ಕೆ ಆ ಹುಡುಗನ ಹೆದರಿಕೆ ಇಲ್ಲದ್ದಾಗುವುದಿಲ್ಲ. ಬೂಟಿಗೆ ಪಾಲಿಶ್ ಹಾಕಿದ್ದು ಎಷ್ಟು ನಿಜವೋ ಹಾಸಿಗೆಯಿಂದ ಏಳಲು ಹೆದರಿದ್ದೂ ಅಷ್ಟೇ ನಿಜ.

ಪ್ರೀತಿಯನ್ನು ಹುಡುಕಿ ಕೊಡಲೇಬೇಕೆಂಬ ಸಾಲ ಯಾವ ಮಗುವಿನ ಮೇಲೂ ಇಲ್ಲ. ಇದನ್ನು ತರಗತಿಯಲ್ಲಿ ಒತ್ತಿ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಯಾವ ಬೆಂಚಿನಲ್ಲಿ ಯಾರು ಏನನ್ನು ಅನುಭವಿಸಿ ಕೂತಿದ್ದಾರೆಂದು ನನಗೆ ತಿಳಿಯದು. ಅಮೆರಿಕದ ಕವಿ ಸಿಲ್ವಿಯಾ ಪ್ಲಾತ್ 1962ರ ಅಕ್ಟೋಬರ್ 12ರಂದು ಬರೆದ ‘ಡ್ಯಾಡಿ’ಯಲ್ಲಿ ಅಪ್ಪನನ್ನು ಬೈದು, ಶಪಿಸಿ, ಇನ್ನು ನಿನ್ನ ಸಹವಾಸ ಮುಗಿಯಿತು ಎಂದು ಬಾಗಿಲು ಹಾಕುತ್ತಾಳೆ. ಅವಳ ಅಪ್ಪನ ಹೆಸರೂ ಒಟ್ಟೊ, ಅವನೂ ಜರ್ಮನಿಯಿಂದ ಬಂದವನು. ಬೋಸ್ಟನ್‌ನಲ್ಲಿ ಪ್ರೊಫೆಸರ್, ದುಂಬಿಗಳ ಮೇಲೆ ಪುಸ್ತಕ ಬರೆದ ಪಂಡಿತ, ಮಗಳಿಗೆ ಎಂಟು ತುಂಬಿದ ಕೆಲವೇ ದಿನಗಳಲ್ಲಿ ತೀರಿಕೊಂಡ. ಪದ್ಯದ ನಾಜಿ ಅಪ್ಪ ಅವಳ ಕಲ್ಪನೆ, ನಿಜದ ಒಟ್ಟೊ ಪ್ಲಾತ್ ನಾಜಿಯಲ್ಲ. ಅಷ್ಟು ಬೈಗುಳದ ನಡುವೆಯೂ ಇಪ್ಪತ್ತರ ವಯಸ್ಸಿನಲ್ಲಿ ಸತ್ತಾದರೂ ನಿನ್ನ ಹತ್ತಿರ ಬರಲು ನೋಡಿದೆ ಎಂಬ ಸಾಲು ಬರುತ್ತದೆ. ‘ಡ್ಯಾಡಿ’ಗೆ ಮೊದಲು, ಅದೇ ತಿಂಗಳ ಮೊದಲ ದಿನಗಳಲ್ಲಿ, ಅವಳು ಸಾಲಾಗಿ ಬರೆದದ್ದು ಜೇನುಹುಳುಗಳ ಮೇಲಿನ ಐದು ಪದ್ಯಗಳನ್ನು. ಅಪ್ಪನ ವಿದ್ಯೆಯ ಲೋಕದಲ್ಲಿ ಓಡಾಡಿ ಬಂದು, ಆಮೇಲೆ ಅಪ್ಪನ ಮುಖಕ್ಕೆ ಬಾಗಿಲು ಹಾಕಿದ್ದಾಳೆ.

ಬನದ ಕರಡಿ

ಅಪ್ಪಂದಿರ ಬಗ್ಗೆಯೇ ಇಷ್ಟು ಹೇಳಿದೆ. ಒರಟು ತಾಯಿಯ ಬಗ್ಗೆ ಬರೆಯುವುದು ನಮ್ಮಲ್ಲಿ ಇನ್ನೂ ಕಷ್ಟ. ತಾಯಿ ಅಂದರೆ ದೇವರು, ತಾಯಿ ಅಂದರೆ ದೀಪ. ಸಾವಿರ ಸೌದೆ ಒಲೆಯಲ್ಲಿ ಉರಿದರೂ ಒಂದು ಜ್ಯೋತಿಗೆ ಸಮನಾಗವು ಎಂದು ಹಾಡಿದ ತ್ರಿಪದಿ ನಮ್ಮ ಹೆಂಗಸರದು. ಆ ಹಾಡಿನ ಮುಂದೆ ಕೈ ಮುಗಿಯುತ್ತೇನೆ. ಅದನ್ನು ಕೇಳುತ್ತ ಬೆಳೆದ ಭಾಷೆಯಲ್ಲಿ ಪಿ. ಲಂಕೇಶ್ ತಮ್ಮ ‘ಅವ್ವ’ ಪದ್ಯದಲ್ಲಿ ತಾಯಿಯನ್ನು ಬನದ ಕರಡಿ ಎಂದರು, ನೊಂದ ನಾಯಿ ಎಂದರು, ಕೋತಿ ಎಂದರು. ಅವಳ ಸಣ್ಣತನ, ಕೊಂಕು, ಗೊಣಗಾಟ, ಗುದ್ದಾಟ ಒಂದನ್ನೂ ಬಿಡಲಿಲ್ಲ. ಸಾವಿತ್ರಿಯೂ ಅಲ್ಲ, ಜಾನಕಿಯೂ ಅಲ್ಲ, ದೇವರ ಪೂಜೆ ಮಾಡಿದವಳೂ ಅಲ್ಲ ಎಂದು ಒಂದೊಂದೇ ಪಟವನ್ನು ಗೋಡೆಯಿಂದ ಇಳಿಸಿದರು.

ನಾನು ಮೆಚ್ಚುವುದು ಆ ಪದ್ಯದ ಕೊನೆಗೆ ಬರುವ ಕೃತಜ್ಞತೆ ಬಂದ ದಾರಿಯನ್ನು. ಅಲ್ಲಿಯ ಕಣ್ಣೀರು ಕರಡಿ ಎಂದದ್ದನ್ನು ವಾಪಸ್ ತೆಗೆದುಕೊಂಡು ಹಾಕಿದ್ದಲ್ಲ. ಮರಿಗಳನ್ನು ಹೊತ್ತು ಕಾಡಿನಲ್ಲಿ ಬದುಕಬೇಕಾದದ್ದು ಕರಡಿಯಾಗದೆ ಏನಾದೀತು? ಕಾಳುಕಡ್ಡಿ, ಸೂರು, ರೊಟ್ಟಿ, ಹಚಡ, ಸರೀಕರ ಎದುರು ತಲೆಯೆತ್ತಿ ನಡೆಯುವುದು, ಇಷ್ಟಕ್ಕಾಗಿ ಬದುಕಿದವಳ ಉಗುರು ಮೊಂಡಾಗಿರಲು ಸಾಧ್ಯವಿರಲಿಲ್ಲ. ಒರಟುತನವನ್ನು ಕಳೆದು ಉಳಿದದ್ದಕ್ಕೆ ಮಗ ಕೈ ಮುಗಿಯುತ್ತಿಲ್ಲ, ಒರಟಾಗಿಯೇ ಇದ್ದವಳಿಗೆ ಮುಗಿಯುತ್ತಿದ್ದಾನೆ. “ಮನೆಯಿಂದ ಹೊಲಕ್ಕೆ ಹೋದಂತೆ” ಮಾತಾಡುತ್ತಲೇ ಹೊರಟುಹೋದಳು ಎಂಬಲ್ಲಿಗೆ ಬರುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಲಂಕೇಶರೂ ಇಂಗ್ಲಿಷ್ ಮೇಷ್ಟರಾಗಿದ್ದವರು. ಅವರು ತಮ್ಮ ಅವ್ವನನ್ನು ಬರೆಯುವಾಗ ಯಾವ ಪಠ್ಯದ ತಾಯಿಯನ್ನೂ ಹತ್ತಿರ ಸುಳಿಯಗೊಟ್ಟಿಲ್ಲ.

ಪಾತ್ರೆ ಎತ್ತಿಟ್ಟವರು

ಆ ತರಗತಿಯ ನಂತರದ ರಜೆಯಲ್ಲಿ ಊರಿಗೆ ಹೋದಾಗ ರೆಟ್ಕಿಯ ಪದ್ಯವನ್ನು ಅಮ್ಮನಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕನ್ನಡದಲ್ಲಿ ಕಥೆಯ ಹಾಗೆ ಹೇಳುತ್ತ ಹೋದೆ: ಕುಡಿದ ಅಪ್ಪ, ಕುಣಿತ, ಬಿದ್ದ ಪಾತ್ರೆ, ಕಿವಿಗೆ ತಾಗಿದ ಬಕಲ್, ತಲೆಯ ಮೇಲೆ ತಾಳ. ಅವಳು ಕೊನೆಯವರೆಗೂ ಕೇಳಿ, ಕಾಳು ಬುಟ್ಟಿಗೆ ಹಾಕಿ ಕೇಳಿದಳು: “ಆಮೇಲೆ ಆ ಪಾತ್ರೆ ಎತ್ತಿಟ್ಟೋರು ಯಾರು?”

ಇಷ್ಟು ವರ್ಷ ಆ ಪದ್ಯ ಓದಿಸಿದವನಿಗೆ ಯಾವ ವಿದ್ಯಾರ್ಥಿಯೂ ಕೇಳಿರದ ಪ್ರಶ್ನೆ ಅದು. ಪದ್ಯದಲ್ಲಿ ತಾಯಿಗೆ ಸಿಕ್ಕಿರುವುದು ಎರಡೇ ಸಾಲು. ಅವಳ ಮುಖ ಗಂಟಿಕ್ಕಿದೆ, ಅದು ಸಡಿಲವಾಗಲು ಒಪ್ಪುತ್ತಿಲ್ಲ. ಅಪ್ಪ ಮಗ ಕುಣಿಯುತ್ತ ಆಚೆ ಹೋದ ಮೇಲೆ ಅವಳು ಅದೇ ಅಡುಗೆಮನೆಯಲ್ಲಿ ನಿಂತಿರುತ್ತಾಳೆ, ನೆಲದ ಮೇಲೆ ಪಾತ್ರೆಗಳಿರುತ್ತವೆ. ಅವಳ ಮುಖದ ಗಂಟು ಸಿಟ್ಟಿನದು ಎಂದು ನಾವು ಸುಲಭವಾಗಿ ಹೇಳಿ ಮುಂದೆ ಹೋಗುತ್ತೇವೆ.

ಅಮ್ಮನನ್ನು ಕೇಳಿದೆ, ಅಪ್ಪ ನನಗೆ ಹೊಡೆಯುವಾಗ ನೀನು ಏನು ಅಂದುಕೊಳ್ಳುತ್ತಿದ್ದೆ ಅಂತ. ಅವಳು ಬೇಗ ಉತ್ತರ ಕೊಡಲಿಲ್ಲ. “ನಂಗೂ ಹೆದ್ರಿಕೆ ಆಗ್ತಿತ್ತು ಕಣೋ. ಅಡ್ಡ ಬಂದ್ರೆ ಇನ್ನೂ ಎರಡು ಜಾಸ್ತಿ ಬೀಳೋದು ನಿಂಗೆ. ಆದ್ರೂ ಕತ್ಲಾದ್ಮೇಲೆ ಅವ್ರು ಅಂಗ್ಡಿ ಮುಚ್ಚಿ ಬರೋ ಸದ್ದಾಯ್ತು ಅಂದ್ರೆ ಸದ್ಯ ಬಂದ್ರಲ್ಲ ಅನ್ಸೋದು. ಒಂದಿನ ಬರೋದು ತಡ ಆದ್ರೆ ನೀನೇ ಹೋಗಿ ಗೇಟ್ ಹತ್ರ ನಿಂತ್ಕೋತಿದ್ದೆ. ನೆನಪಿಲ್ವಾ?” ನೆನಪಿತ್ತು.

ಮುಂದಿನ ಸೆಮಿಸ್ಟರ್‌ನಲ್ಲಿ ಈ ಪದ್ಯ ಮತ್ತೆ ಬರುತ್ತದೆ. ಈ ಸಲ ಬೋರ್ಡಿನ ಮೇಲೆ ಎರಡು ಪಟ್ಟಿ ಬರೆಯುವುದಿಲ್ಲ. ಮೊದಲು ಎಲ್ಲರೂ ಎದ್ದು ನಿಂತು, ಒತ್ತುಗಳಿಗೆ ಕಾಲು ಕುಟ್ಟುತ್ತ ಗಟ್ಟಿಯಾಗಿ ಓದಬೇಕು. ಲಂಕೇಶರ ‘ಅವ್ವ’ದ ಪ್ರತಿಯನ್ನೂ ಜೊತೆಗೆ ಹಂಚುತ್ತೇನೆ. ಆಮೇಲೆ ತಾಯಿಯ ಆ ಎರಡು ಸಾಲುಗಳಿಂದ ಪಾಠ ಶುರುಮಾಡಿ, ಅಮ್ಮನ ಪ್ರಶ್ನೆಯನ್ನು ಅವರ ಮುಂದಿಡುತ್ತೇನೆ. ಹಿಂದಿನ ಬೆಂಚಿನ ಆ ಹುಡುಗ ಈಗ ಫೈನಲ್ ಇಯರ್‌ನಲ್ಲಿದ್ದಾನೆ. ಬಿಡುವಿದ್ದರೆ ಅವತ್ತು ಬಂದು ಕೂರು ಎಂದು ಅವನಿಗೂ ಹೇಳಿದ್ದೇನೆ. ಬರ್ತೀನಿ ಸರ್ ಅಂದಿದ್ದಾನೆ.